ಮುಳ್ಳು ಮುರಿದ ಗಾಳ

ಮೀನಿನ ಗಾಳವನ್ನ ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತೆ. ಅದರ ಚೂಪು ತುದಿಯಿಂದ ಒಂದು ಕೂದಲೆಳೆ ಕೆಳಗೆ, ಹಿಂದಕ್ಕೆ ಬಾಗಿದ ಸಣ್ಣದೊಂದು ಮುಳ್ಳಿರುತ್ತೆ. ಚುಚ್ಚುವಾಗ ಸಲೀಸಾಗಿ ಒಳಗೆ ಹೋಗುತ್ತೆ, ಎಳೆದರೆ ಹೊರಗೆ ಬರಲ್ಲ. ಗಾಳದ ಜೀವ ಇರೋದೇ ಆ ಮುಳ್ಳಲ್ಲಿ. ಅಮೆರಿಕದಲ್ಲಿ ಟ್ರೌಟ್ ಮೀನಿರುವ ಎಷ್ಟೋ ಹೊಳೆಗಳಲ್ಲಿ ಈ ಮುಳ್ಳಿಗೆ ನಿಷೇಧ ಇದೆ. ಬಾರ್ಬ್‌ಲೆಸ್ ಹುಕ್ ಅಂತ ಮುಳ್ಳೇ ಇಲ್ಲದ ಗಾಳ ಅಂಗಡಿಯಲ್ಲಿ ಸಿಗುತ್ತೆ. ಇಲ್ಲದಿದ್ದರೆ ನಮ್ಮೂರಲ್ಲಿ ಕಟಿಂಗ್ ಪ್ಲೇಯರ್ ಅನ್ನೋ ಸಾಮಾನಿನಂಥದ್ದರಿಂದ ಮುಳ್ಳನ್ನ ಒತ್ತಿ ಚಪ್ಪಟೆ ಮಾಡಿಕೊಂಡರೆ ಸಾಕು. ಕಾನೂನು ಪಾಲಿಸಿದ ಹಾಗೇ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಹೊಳೆಯಲ್ಲಿ ಈ ನಿಯಮ ಇದೆ, ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ನ ಉದ್ದಗಲಕ್ಕೂ ಇದೆ. ಜೊತೆಗೆ ಎರೆಹುಳ ಹಾಕೋ ಹಾಗಿಲ್ಲ. ಯಾಕಿಮಾದಲ್ಲಾದರೆ ಗಂಟಿಲ್ಲದ ಬಲೆಚೀಲವೇ ಬೇಕು. ಸಿಕ್ಕ ಟ್ರೌಟನ್ನ ವಾಪಸ್ಸು ನೀರಿಗೇ ಬಿಡಬೇಕು.

ಕೊನೆಯ ಷರತ್ತಿನ ಬಗ್ಗೆ ನಮ್ಮಮ್ಮ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ. ಸಿಯಾಟಲ್‌ನಲ್ಲಿದ್ದ ವರ್ಷಗಳಲ್ಲಿ ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಫೋಟೋ ತೋರಿಸಿದೆ. ತೋಳುದ್ದದ ರೇನ್‌ಬೋ ಟ್ರೌಟ್, ಪಕ್ಕೆ ಉದ್ದಕ್ಕೂ ಗುಲಾಬಿ ಪಟ್ಟಿ. ಅಮ್ಮ ಖುಷಿಯಿಂದ "ಎಷ್ಟು ತೂಕ ಇತ್ತು? ಸಾರು ಮಾಡಿದ್ಯಾ, ಹುರಿದ್ಯಾ?" ಅಂದ್ರು. ಬಿಟ್ಟೆ ಅಂದೆ. ಸ್ವಲ್ಪ ಹೊತ್ತು ಲೈನೇ ಕಟ್ಟಾಯಿತೇನೋ ಅನ್ನೋ ಹಾಗೆ ಸುಮ್ಮನಿದ್ದು, "ತಿನ್ನದಿಲ್ಲ ಅಂದ್ರೆ ಎಂತಕ್ಕೆ ಹಿಡಿಯದು ಮಾರಾಯ? ಅದಕ್ಕೆ ನೋವಾಗದಿಲ್ವಾ?" ಅಂದ್ರು. ಪಕ್ಕದಿಂದ ಅಪ್ಪಯ್ಯನ ದನಿ: "ಅವ್ರಿಗೆ ಮಾಡಕ್ಕೆ ಬೇರೆ ಕೆಲ್ಸ ಇಲ್ಲ."

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯಲ್ಲಿ ಮೀನು ಹಿಡಿಯೋದು ಹವ್ಯಾಸ ಆಗಿರಲಿಲ್ಲ, ಅಡಿಗೆಯ ಮೊದಲನೇ ಹಂತ ಆಗಿತ್ತು. ಮಳೆ ಹಿಡಿದು ಹಳ್ಳ ಏರಿ ಗದ್ದೆಗೆ ಹತ್ತುಮೀನು ಬಂದರೆ ಕೂಣಿ ಒಡ್ಡೋದು, ಬೇಸಿಗೆಯಲ್ಲಿ ಹೊಳೆಗುಂಡಿಗೆ ಗಾಳ ಹಾಕೋದು. ಸಂತೆಯಲ್ಲಿ ಗಾಳ ಕೊಳ್ಳುವಾಗ ಅಪ್ಪಯ್ಯ ಒಂದೊಂದನ್ನೂ ಹೆಬ್ಬೆರಳಿನ ಉಗುರಿಗೆ ತಾಗಿಸಿ, ಮುಳ್ಳು ಸರಿಯಾಗಿ ಹಿಡಿಯುತ್ತಾ ಅಂತ ನೋಡಿಯೇ ದುಡ್ಡು ಕೊಡ್ತಿದ್ದರು. ಅಂಥ ಮನೆಯ ಹುಡುಗ ದುಡ್ಡು ಕೊಟ್ಟು ಲೈಸೆನ್ಸ್ ಮಾಡಿಸಿ, ಬೆಳಗಿನ ಜಾವ ಎದ್ದು ಎರಡು ಗಂಟೆ ಕಾರು ಓಡಿಸಿ, ಹೊಳೆ ದಡದಲ್ಲಿ ಕೂತು ಅದೇ ಮುಳ್ಳನ್ನ ಕೈಯಾರೆ ಜಜ್ಜೋದು ಅಂದ್ರೆ ಅಪ್ಪಯ್ಯನಿಗೆ ನಗು ಬರದೆ ಇನ್ನೇನು. (ಮುಳ್ಳಿನ ಮೀನು ಕೇಳಿದ್ದೆ, ಮುಳ್ಳಿಲ್ಲದ ಗಾಳ ಕೇಳಿರಲಿಲ್ಲ ಅಂತ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.)

ನಿಯಮದ ಹಿಂದಿನ ವಾದ ಸರಳ. ಮುಳ್ಳಿಲ್ಲದಿದ್ದರೆ ಗಾಳ ಬೇಗ ಬಿಡಿಸಬಹುದು, ಗಾಯ ಸಣ್ಣದಾಗುತ್ತೆ, ಬಿಟ್ಟ ಮೀನು ಬದುಕುತ್ತೆ. ಕೇಳಿದರೆ ಯಾರಾದರೂ ಒಪ್ಪೋ ಮಾತು. ನನಗೆ ಹೊಳೆ ತೋರಿಸಿದ ಸಹೋದ್ಯೋಗಿ ಮೊಂಟಾನಾದವನು, ನಮ್ಮ ಟೀಮಿನಲ್ಲೇ ಹಿರಿಯ. ಅವನು ಇದನ್ನ ಧರ್ಮದ ಹಾಗೆ ಪಾಲಿಸ್ತಿದ್ದ. ಪಾರ್ಕಿಂಗ್ ಜಾಗದಲ್ಲಿ ಯಾರಾದರೂ ಮುಳ್ಳಿನ ಗಾಳ ಕಟ್ಟುತ್ತಿದ್ದರೆ ಅವನ ಮುಖ, ಕೋಡ್ ರಿವ್ಯೂನಲ್ಲಿ ಟೆಸ್ಟ್ ಇಲ್ಲದ ಪ್ಯಾಚ್ ಕಂಡ ಹಾಗಾಗುತ್ತಿತ್ತು.

ಎಂಜಿನಿಯರುಗಳಿಗೆ ಒಂದು ಚಟ. ಸರಿ ಅಂತ ಕಂಡ ಮಾತಿಗೂ ಅಂಕಿ ಕೇಳೋದು. ಹುಡುಕಿದೆ. ಅಂಕಿ ಇದೆ, ಅದೂ ಟ್ರೌಟ್ ಹೊಳೆಗಳಿಗೆ ಹೆಸರಾದ ಐಡಹೋ ರಾಜ್ಯದಿಂದಲೇ. ಅಲ್ಲಿನ ಮೀನುಗಾರಿಕೆ ಇಲಾಖೆಯ ಜೀವಶಾಸ್ತ್ರಜ್ಞ ಶಿಲ್ ಮತ್ತು ಅವರ ಜೊತೆಗಾರ ಸ್ಕಾರ್ಪೆಲ್ಲಾ 1997ರಲ್ಲಿ, ಅಲ್ಲಿವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಕೃತಕ ನೊಣ ಅಥವಾ ತಗಡಿನ ಮೀನು ಕಟ್ಟಿದ ಗಾಳದಲ್ಲಿ ಹಿಡಿದು ಬಿಟ್ಟ ಟ್ರೌಟುಗಳಲ್ಲಿ ಸತ್ತದ್ದು ಎಷ್ಟು? ಮುಳ್ಳಿದ್ದ ಗಾಳಕ್ಕೆ ಶೇ. 4.5. ಮುಳ್ಳಿಲ್ಲದ್ದಕ್ಕೆ ಶೇ. 4.2.

ಇಷ್ಟೇ ವ್ಯತ್ಯಾಸ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದನ್ನ ನಾಯ್ಸ್ ಅಂತ ಪಕ್ಕಕ್ಕೆ ಇಡ್ತೀವಿ. ಅವರೂ ಹೆಚ್ಚು ಕಡಿಮೆ ಅದನ್ನೇ ಮಾಡಿದರು. ಮುಳ್ಳಿನ ಗಾಳ ನಿಷೇಧಿಸೋದು ಜೀವಶಾಸ್ತ್ರದ ವಿಷಯ ಅಲ್ಲ, ಸಾಮಾಜಿಕ ವಿಷಯ ಅಂತ ಪ್ರಬಂಧದ ಶೀರ್ಷಿಕೆಯಲ್ಲೇ ಹಾಕಿದರು. ಸಾಮಾಜಿಕ ಅಂದ್ರೇನು ಅಂತ ಯಾಕಿಮಾದ ದಡದಲ್ಲಿ ಒಂದು ದಿನ ನಿಂತರೆ ಅರ್ಥ ಆಗುತ್ತೆ. ನೊಣದ ಗಾಳದವರು, ಎರೆಹುಳದವರು ಅಂತ ಅಲ್ಲಿ ಎರಡು ಜಾತಿ. ಮೊದಲನೆಯವರ ಕೋಲಿಗೆ ಒಂದು ತಿಂಗಳ ಬಾಡಿಗೆಯಷ್ಟು ಬೆಲೆ, ಎರಡನೆಯವರ ಕೈಯಲ್ಲಿ ಬಕೆಟ್. ಮುಳ್ಳು ಜಜ್ಜಿದ ಗಾಳ ಒಂಥರಾ ಜನಿವಾರ. ನಾನು ಹುಟ್ಟಿನಿಂದ ಬಕೆಟ್ ಜಾತಿಯವನು, ಹಾಗಾಗಿ ಇದು ಸ್ವಲ್ಪ ಬೇಗ ಕಣ್ಣಿಗೆ ಬಿತ್ತು.

ಹಾಗಾದ್ರೆ ಬಿಟ್ಟ ಮೀನನ್ನ ಕೊಲ್ಲೋದು ಯಾವುದು? ನನಗೆ ಆಸಕ್ತಿ ಹುಟ್ಟಿದ್ದು ಇಲ್ಲಿಂದ.

ಮೊದಲನೇ ಆರೋಪಿ, ಹೇಳೋದಕ್ಕೆ ಬೇಜಾರಾಗುತ್ತೆ, ನಮ್ಮ ಎರೆಹುಳವೇ. ಕೃತಕ ನೊಣವನ್ನ ಟ್ರೌಟ್ ಬಾಯಲ್ಲಿ ಕಚ್ಚುತ್ತೆ, ರುಚಿ ಇಲ್ಲ ಅಂತ ಗೊತ್ತಾಗಿ ಉಗಿಯೋದಕ್ಕೆ ನೋಡುತ್ತೆ, ಅಷ್ಟರಲ್ಲಿ ತುಟಿಗೆ ಗಾಳ ಸಿಕ್ಕಿಕೊಳ್ಳುತ್ತೆ. ಎರೆಹುಳವನ್ನ ಯಾಕೆ ಉಗಿಯುತ್ತೆ? ನುಂಗುತ್ತೆ. ಗಾಳ ಗಂಟಲಿಗೋ ಕಿವಿರಿಗೋ ಇನ್ನೂ ಒಳಗೋ ಇಳಿಯುತ್ತೆ, ಅಲ್ಲೇ ಹೃದಯ, ಅಲ್ಲೇ ರಕ್ತನಾಳ. 1977ರ ಒಂದು ಸಮೀಕ್ಷೆಯ ಪ್ರಕಾರ ಜೀವಂತ ಆಹಾರ ಕಟ್ಟಿ ಹಿಡಿದು ಬಿಟ್ಟ ಟ್ರೌಟುಗಳಲ್ಲಿ ಸುಮಾರು ಕಾಲು ಭಾಗ ಸಾಯ್ತವೆ. ಶೇ. 25 ಎಲ್ಲಿ, ಶೇ. 4 ಎಲ್ಲಿ! ಮುಳ್ಳಿಗೆ ಕೊಟ್ಟ ಗಮನ ಪೂರ್ತಿ ಇಲ್ಲಿಗೆ ಸಲ್ಲಬೇಕಿತ್ತು. ಇನ್ನೊಂದು ಹಳೇ ಪ್ರಯೋಗ 1967ರದ್ದು. ಗಾಳ ಆಳಕ್ಕೆ ಇಳಿದ ರೇನ್‌ಬೋ ಟ್ರೌಟುಗಳನ್ನ ಎರಡು ಗುಂಪು ಮಾಡಿ, ಒಂದರಲ್ಲಿ ಗಾಳ ಕಿತ್ತು ತೆಗೆದರು, ಇನ್ನೊಂದರಲ್ಲಿ ದಾರ ಮಾತ್ರ ಕತ್ತರಿಸಿ ಗಾಳವನ್ನ ಒಳಗೇ ಬಿಟ್ಟರು. ಕಿತ್ತವುಗಳಲ್ಲಿ ಬಹುಪಾಲು ಸತ್ತವು. ಗಾಳ ನುಂಗಿಕೊಂಡೇ ಹೋದವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಬದುಕಿದವು. ಎಂಟಾಣೆಯ ಗಾಳ ಉಳಿಸಿಕೊಳ್ಳೋದಕ್ಕೆ ಮೀನಿನ ಕರುಳನ್ನೇ ಎಳೆಯೋ ಅಭ್ಯಾಸ ಇರೋರು ಇದನ್ನ ಓದಬೇಕು. ಸಾರಿಗೆ ಹಾಕೋ ಮೀನಾದರೆ ಆ ಮಾತು ಬೇರೆ.

ಎರಡನೇ ಆರೋಪಿ ಗಾಳಿ. ಮೀನು ಹತ್ತು ನಿಮಿಷ ಹೋರಾಡಿ ಸುಸ್ತಾಗಿರುತ್ತೆ, ಮೈತುಂಬ ಲ್ಯಾಕ್ಟಿಕ್ ಆಸಿಡ್. ನಾಲ್ಕು ಮಹಡಿ ಓಡಿ ಹತ್ತಿ ಬಂದ ಮನುಷ್ಯನ ಮೂಗು ಬಾಯಿ ಮುಚ್ಚಿ ಹಿಡಿದ ಹಾಗೆ, ಅದನ್ನ ನೀರಿಂದ ಎತ್ತಿ ಹಿಡಿದು ನಾವು ಫೋಟೋ ತೆಗೀತೀವಿ. ನೀರಲ್ಲಿ ಎಸಳೆಸಳಾಗಿ ಬಿಚ್ಚಿಕೊಂಡಿರೋ ಕಿವಿರು ಗಾಳಿಗೆ ಬಂದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಕೆನಡಾದಲ್ಲಿ ಫರ್ಗುಸನ್ ಮತ್ತು ಟಫ್ಟ್ಸ್ ಅನ್ನೋರು 1992ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಪ್ರಸಿದ್ಧ. ತೊಟ್ಟಿಯಲ್ಲಿ ರೇನ್‌ಬೋ ಟ್ರೌಟುಗಳನ್ನ ಸುಸ್ತಾಗೋವರೆಗೂ ಅಟ್ಟಿಸಿದರು. ಬರೀ ಸುಸ್ತಾದವುಗಳಲ್ಲಿ ಸತ್ತದ್ದು ಶೇ. 12. ಸುಸ್ತಾದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟವು ಶೇ. 38. ಒಂದು ನಿಮಿಷ ಇಟ್ಟವು ಶೇ. 72.

ಈ ಅಂಕಿ ನೋಡಿದ ದಿನವೇ ನಾನು ಫೋಟೋ ತೆಗೆಯೋದು ಬಿಟ್ಟೆ. ಆದರೆ ಕಥೆ ಅಲ್ಲಿಗೇ ಮುಗಿಯಲ್ಲ. ಪ್ರಯೋಗಾಲಯದ ತೊಟ್ಟಿ ಬೇರೆ, ಹೊಳೆ ಬೇರೆ. ಐಡಹೋದವರೇ ಮತ್ತೆ ಹೊಳೆ ದಡಕ್ಕೆ ಹೋಗಿ ಸ್ಟಾಪ್‌ವಾಚ್ ಹಿಡಿದು ನಿಂತು ನೋಡಿದರೆ, ಜನ ಟ್ರೌಟನ್ನ ನೀರಿಂದಾಚೆ ಹಿಡಿಯೋದು ಸರಾಸರಿ ಅರ್ಧ ನಿಮಿಷಕ್ಕಿಂತ ಕಡಿಮೆ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕಾಡು ಟ್ರೌಟುಗಳನ್ನ ಗಾಳದಲ್ಲಿ ಹಿಡಿದು ಒಂದು ನಿಮಿಷದವರೆಗೆ ಗಾಳಿಯಲ್ಲಿಟ್ಟು ಬಿಟ್ಟರೂ ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಶೇ. 72 ಅನ್ನೋದನ್ನ ಪೋಸ್ಟರ್ ಮಾಡಿ ಅಂಟಿಸೋದೂ ಅವಸರವೇ. ಒಳ್ಳೇ ಪ್ರೊಡಕ್ಷನ್ ಡೇಟಾ ಬಂದ ಮೇಲೆ ಲ್ಯಾಬಿನ ಬೆಂಚ್‌ಮಾರ್ಕ್‌ಗೆ ಏನು ಗತಿ ಆಗುತ್ತೆ ಅಂತ ನಮಗೆ ಗೊತ್ತಲ್ಲ. ಫೋಟೋ ವಿಷಯದಲ್ಲಿ ನಾನು ಮಾತ್ರ ಬದಲಾಗಲಿಲ್ಲ. ಅಮ್ಮನಿಗೆ ಫೋಟೋ ತೋರಿಸಿ ಏನಾಯಿತು ಅಂತ ಹೇಳಿದೆನಲ್ಲ, ಅದೂ ಒಂದು ಕಾರಣ.

ಮೂರನೆಯದು ಸೆಕೆ. ಟ್ರೌಟ್ ತಣ್ಣೀರಿನ ಜೀವಿ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗೋದು ಜಾಸ್ತಿ. ಅಂಥ ಮಧ್ಯಾಹ್ನ ಯಾವ ಗಾಳ ಹಾಕಿದರೂ, ಮುಳ್ಳಿರಲಿ ಬಿಡಲಿ, ಮೀನಿಗೆ ಸುಧಾರಿಸಿಕೊಳ್ಳೋದು ಕಷ್ಟ. ಮೊಂಟಾನಾದಲ್ಲಿ ಇದಕ್ಕೊಂದು ಚೆಂದದ ನಿಯಮ ಇದೆ, ಹೂಟ್ ಔಲ್ ಅಂತ ಹೆಸರು. ಹೊಳೆ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ, ಮಧ್ಯಾಹ್ನ ಎರಡರಿಂದ ಮಧ್ಯರಾತ್ರಿವರೆಗೆ ಗಾಳ ಹಾಕೋ ಹಾಗಿಲ್ಲ. ಬೇಸಿಗೆಯ ಬೆಂಕಿ ಭಯಕ್ಕೆ ಗೂಬೆ ಕೂಗೋ ಹೊತ್ತಿಗೇ ಎದ್ದು ಮರ ಕಡಿಯೋದಕ್ಕೆ ಹೋಗ್ತಿದ್ದ ಕೂಲಿಗಳಿಂದ ಬಂದ ಹೆಸರಂತೆ. ನನ್ನನ್ನ ಕೇಳಿದರೆ ಇದೇ ನಿಜವಾದ ನಿಯಮ. ಹಿಡಿಯೋನ ಮಧ್ಯಾಹ್ನವನ್ನೇ ಕಿತ್ತುಕೊಳ್ಳುತ್ತೆ. ಮುಳ್ಳು ಜಜ್ಜೋದರಲ್ಲಿ ಹಿಡಿಯೋನು ಕಳಕೊಳ್ಳೋದು ಏನೂ ಇಲ್ಲ, ಹಾಗಾಗಿಯೇ ಅದು ಅಷ್ಟು ಜನಪ್ರಿಯ.

ಇಷ್ಟು ಹೇಳಿದ ಮೇಲೂ ನಾನು ಮುಳ್ಳು ಜಜ್ಜುತ್ತಿದ್ದೆ. ಕಾನೂನು ಅನ್ನೋದೊಂದು. ಎರಡನೆಯದು, ಗಾಳ ಬಿಡಿಸೋದು ನಿಜಕ್ಕೂ ಸಲೀಸು. ಮೀನನ್ನ ಮುಟ್ಟೋದೇ ಬೇಡ, ನೀರೊಳಗೇ ಗಾಳದ ಬುಡ ಹಿಡಿದು ಒಮ್ಮೆ ತಿರುಗಿಸಿದರೆ ಕಳಚಿಕೊಳ್ಳುತ್ತೆ. ಮೂರನೆಯದು ಮನುಷ್ಯನ ಮೈ. ಗಾಳಿ ಜೋರಿದ್ದ ದಿನ ಹಿಂದಕ್ಕೆ ಬೀಸಿದ ಗಾಳ ಬಂದು ಕಿವಿಗೆ ಚುಚ್ಚಿದಾಗ, ಮುಳ್ಳಿಲ್ಲದ್ದಾದರೆ ನೀವೇ ಕೀಳಬಹುದು, ಇದ್ದದ್ದಾದರೆ ಎಮರ್ಜೆನ್ಸಿ ರೂಮು. ಅಲ್ಲಿನ ಬಿಲ್ ನೋಡಿದವರು ಯಾವ ಸಂಶೋಧನೆಯನ್ನೂ ಕೇಳಲ್ಲ.

ಇನ್ನು ಆ ಶೇ. 4ರ ವಿಷಯ. ಕೇಳೋದಕ್ಕೆ ಸಣ್ಣದು. ಆದರೆ ಹಿಡಿದು ಬಿಡೋ ಹೊಳೆಯಲ್ಲಿ ಮೀನು ಒಂದೇ ಸಲ ಸಿಗಲ್ಲ. ಯೆಲ್ಲೋಸ್ಟೋನ್ ಹೊಳೆಯ ಒಂದು ಭಾಗದಲ್ಲಿ 1981ರಲ್ಲಿ ಲೆಕ್ಕ ಹಾಕಿದಾಗ ಒಂದೊಂದು ಕಟ್‌ಥ್ರೋಟ್ ಟ್ರೌಟೂ ಆ ಸೀಸನ್ನಿನಲ್ಲಿ ಸರಾಸರಿ 9.7 ಸಲ ಗಾಳಕ್ಕೆ ಸಿಕ್ಕಿತ್ತು! ಈಗ ಗುಣಾಕಾರ ಮಾಡಿ. ಸಲಕ್ಕೆ ಶೇ. 4.5 ಸಾವು ಅಂದ್ರೆ ಹತ್ತು ಸಲದಲ್ಲಿ ನೂರಕ್ಕೆ 37 ಮೀನು ಹೋದವು. ಶೇ. 4.2 ಅಂದ್ರೆ 35. ಎರೆಹುಳದ ಶೇ. 25 ಹಾಕಿ ನೋಡಿ, ಉಳಿಯೋದು ಐದೋ ಆರೋ. ಆ ಹೊಳೆಯಲ್ಲಿ ನಿಜವಾಗಿ ಕಂಡದ್ದು ಸಲಕ್ಕೆ ಶೇ. 0.3 ಮಾತ್ರ, ಇಡೀ ಸೀಸನ್ನಿಗೆ ಸುಮಾರು ಶೇ. 3. ಹಾಗಾಗಿ ಮೀನು ಉಳಿಯಿತು. 4.5ಕ್ಕೂ 4.2ಕ್ಕೂ ಜಗಳ ಆಡೋ ಬದಲು 4ರಿಂದ 0.3ಕ್ಕೆ ಇಳಿಯೋದು ಹೇಗೆ ಅಂತ ಕೇಳಬೇಕು ಅಂತ ಸಹೋದ್ಯೋಗಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ನೀನು ಆಫೀಸಿನಲ್ಲೂ ಹೀಗೇ" ಅಂದ.

ಅದೇ ಯೆಲ್ಲೋಸ್ಟೋನ್‌ನಲ್ಲಿ ಇನ್ನೊಂದು ನಿಯಮ ಇದೆ, ಅಮ್ಮನಿಗೆ ಇಷ್ಟ ಆಗುವಂಥದ್ದು. ಅಲ್ಲಿನ ದೊಡ್ಡ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಅನ್ನೋ ಹೊರಗಿನ ಮೀನು ಪತ್ತೆಯಾಯಿತು. ಅದು ಊರಿನ ಕಟ್‌ಥ್ರೋಟನ್ನ ತಿಂದು ಮುಗಿಸ್ತಾ ಬಂತು. ಈಗ ಅಲ್ಲಿ ಕಟ್‌ಥ್ರೋಟ್ ಸಿಕ್ಕರೆ ಮಗುವಿನ ಹಾಗೆ ಬಿಡಬೇಕು, ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ಅದೇ ದೋಣಿ, ಅದೇ ಗಾಳ, ಅದೇ ಕೈ. ನೋವು ಎರಡಕ್ಕೂ ಒಂದೇ ಇದ್ದೀತು. ಅಂದ್ರೆ ಈ ನಿಯಮಗಳು ಯಾವುದೂ ಒಂದು ಮೀನಿನ ಬಗ್ಗೆ ಅಲ್ಲ, ಸಂತತಿಯ ಬಗ್ಗೆ. ಅಮ್ಮ ಕೇಳಿದ್ದು ಒಂದು ಮೀನಿನ ಬಗ್ಗೆ.

ಅಮ್ಮನ ಪಕ್ಷದಲ್ಲಿ ಒಂದು ದೇಶವೇ ಇದೆ ಅಂತ ಆಮೇಲೆ ಗೊತ್ತಾಯಿತು. ಜರ್ಮನಿಯ ಪ್ರಾಣಿರಕ್ಷಣಾ ಕಾನೂನಿನಂತೆ ಸರಿಯಾದ ಕಾರಣ ಇಲ್ಲದೆ ಪ್ರಾಣಿಗೆ ನೋವು ಕೊಡೋ ಹಾಗಿಲ್ಲ. ತಿನ್ನೋದು ಸರಿಯಾದ ಕಾರಣ, ಆಟ ಅಲ್ಲ. ಹಾಗಾಗಿ ಬಿಡೋ ಉದ್ದೇಶದಿಂದಲೇ ಹಿಡಿಯೋದು ಅಲ್ಲಿ ಅಪರಾಧ ಆಗಬಹುದು. ಸ್ವಿಟ್ಜರ್ಲೆಂಡಿನಲ್ಲೂ ಹಾಗೇ. ಒಂದು ಕಡೆ ಬಿಡದಿದ್ದರೆ ದಂಡ, ಇನ್ನೊಂದು ಕಡೆ ಬಿಡೋದಕ್ಕಂತಲೇ ಹಿಡಿದರೆ ದಂಡ. ಇದನ್ನ ಹೇಳಿದಾಗ ಅಪ್ಪಯ್ಯ, "ಜರ್ಮನಿಯವ್ರು ಮೊದ್ಲಿಂದ ಬುದ್ಧಿವಂತ್ರು" ಅಂತ ಷರಾ ಬರೆದರು.

ಹಾಗಂತ ನಾನು ಪೂರ್ತಿ ಜರ್ಮನಿ ಪಕ್ಷಕ್ಕೆ ಸೇರಲಿಲ್ಲ. ಕಾರಣ ನಮ್ಮ ಕಾವೇರಿ.

ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಿಗೆ ಟೀಮ್ ಔಟಿಂಗ್ ಅಂತ ಹೋಗಿ ತೆಪ್ಪದಲ್ಲಿ ಕೂತು ಬಂದವರು ನಿಮ್ಮಲ್ಲಿ ಎಷ್ಟೋ ಜನ ಇರ್ತೀರಿ. ಆ ಜಂಗಲ್ ಲಾಡ್ಜಸ್ ಕ್ಯಾಂಪುಗಳಿಗೆ ಮೊದಲು ಹೆಸರು ತಂದದ್ದು ಮಹಸೀರ್. ದಕ್ಷಿಣದ ವನ್ಯಜೀವಿ ಸಂಘವೊಂದು 1970ರ ದಶಕದಿಂದಲೇ ಹೊಳೆಯ ಒಂದಷ್ಟು ಭಾಗ ಕಾಯ್ತಾ ಬಂದಿತ್ತು. ಲೋಕದ ಮೂಲೆಮೂಲೆಯಿಂದ ಜನ ಬಂದು, ಗಾಳಕ್ಕೆ ನಮ್ಮ ರಾಗಿ ಹಿಟ್ಟಿನ ಉಂಡೆ ಕಟ್ಟಿ, ಮನುಷ್ಯನ ತೂಕಕ್ಕೆ ಹತ್ತಿರದ ಮೀನು ಹಿಡಿದು ಬಿಟ್ಟು ಹೋಗ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದು ದಾಖಲೆ. ಕ್ಯಾಂಪುಗಳಲ್ಲಿ ತೆಪ್ಪ ಹಾಕಿ ದಾರಿ ತೋರಿಸ್ತಿದ್ದವರಲ್ಲಿ ಮೊದಲು ಕದ್ದು ಮೀನು ಹಿಡೀತಿದ್ದವರೂ ಇದ್ದರು. ಹೊಳೆಗೆ ಡೈನಮೈಟ್ ಹಾಕೋರಿಗೆ ದೊಡ್ಡ ಅಡ್ಡಿ ಅಂದ್ರೆ ಈ ಜನರೇ. 2010ರ ಆಸುಪಾಸಿನಿಂದ, ವನ್ಯಜೀವಿ ಕಾಯ್ದೆಯನ್ನ ಬಿಗಿಯಾಗಿ ಅರ್ಥ ಮಾಡಿದ ಮೇಲೆ, ಅಭಯಾರಣ್ಯದೊಳಗೆ ಗಾಳ ನಿಂತಿತು.

ಆಮೇಲೆ ಗಾಲಿಬೋರೆ ಕ್ಯಾಂಪಿನ ಹಳೇ ಪುಸ್ತಕಗಳನ್ನ, ಅಂದ್ರೆ 1998ರಿಂದ 2012ರವರೆಗೆ ಯಾರು ಯಾವ ದಿನ ಎಂಥ ಮೀನು ಹಿಡಿದು ಬಿಟ್ಟರು ಅಂತ ಬರೆದಿಟ್ಟ ಲಾಗನ್ನ, ವಿಜ್ಞಾನಿಗಳು ತೆರೆದು ನೋಡಿದರು. ಎರಡು ಥರದ ಮಹಸೀರ್ ಅದರಲ್ಲಿತ್ತು. ಹ್ಯಾಚರಿಯಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯದ್ದು ವರ್ಷ ವರ್ಷ ಏರುತ್ತಿತ್ತು. ಕಾವೇರಿಯದ್ದೇ ಆದ, ಬೆನ್ನುಬ್ಬಿದ ದೊಡ್ಡ ಮಹಸೀರ್ ಇಳಿಯುತ್ತಾ ಇತ್ತು. ಹೊಳೆಯಲ್ಲಿ ಮಹಸೀರ್ ಚೆನ್ನಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ನಮ್ಮದೇ ಮೀನು ಸದ್ದಿಲ್ಲದೆ ಮಾಯ ಆಗ್ತಿತ್ತು. ಆ ಮೀನಿಗೆ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಗಟ್ಟಿಯಾದದ್ದೇ 2018ರಲ್ಲಿ. ಅದೇ ವರ್ಷ ಅದನ್ನ ಅಳಿವಿನ ಅಂಚಿನ ಕೊನೇ ಮೆಟ್ಟಿಲಿನ ಪಟ್ಟಿಗೆ ಸೇರಿಸಿದರು. ಹಿಡಿದು ಬಿಡೋರು ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಆ ಇಳಿಜಾರು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಒಂದೊಂದು ಮೀನಿಗೂ ನೋವು ಕೊಟ್ಟೇ ಬರೆದ ಲೆಕ್ಕ ಅದು, ನಿಜ. ಅದನ್ನ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಹಂಗಾದ್ರೆ ಎಣಿಸಕ್ಕೆ ಹಿಡಿಯದು ಅನ್ನು, ಆಟಕ್ಕೆ ಅನ್ಬೇಡ" ಅಂದ್ರು. ನಾನು ಯಾಕಿಮಾದಲ್ಲಿ ಏನೂ ಎಣಿಸ್ತಿರಲಿಲ್ಲ ಅಂತ ಅವರಿಗೂ ಗೊತ್ತಿತ್ತು.

ಟ್ರೌಟಿನ ಅಂಕಿಗಳನ್ನ ಹಾಗೇ ಎತ್ತಿ ಮಹಸೀರ್ ಮೇಲೆ ಹಾಕೋದಕ್ಕೆ ಬರಲ್ಲ ಬಿಡಿ, ಮೀನು ಬೇರೆ, ನೀರು ಬೇರೆ, ರಾಗಿ ಉಂಡೆ ಬೇರೆ. ನನ್ನ ಪಾಲಿಗೆ ಉಳಿದದ್ದು ಒಂದಿಷ್ಟು ಸಣ್ಣ ಅಭ್ಯಾಸ. ಅಲ್ಲಿಂದ ಬರೋವರೆಗಿನ ಕೊನೆಯ ಎರಡು ಬೇಸಿಗೆ ಚೀಲದಲ್ಲಿ ಪ್ಲೇಯರ್ ಜೊತೆ ಒಂದು ಥರ್ಮಾಮೀಟರೂ ಇರ್ತಿತ್ತು, ಅಡಿಗೆಮನೆಯದ್ದೇ. ಹೊಳೆಗೆ ಇಳಿಯೋ ಮೊದಲು ದಾರ ಕಟ್ಟಿ ನೀರಿಗೆ ಬಿಡೋದು, ಎರಡು ನಿಮಿಷ ಕಾಯೋದು. ಜುಲೈ ಕೊನೆಯ ಒಂದು ಶನಿವಾರ ಹನ್ನೊಂದು ಗಂಟೆಗೇ 20 ತೋರಿಸಿತು. ಹೊಳೆ ನಿಷೇಧ ಇರಲಿಲ್ಲ, ಸುತ್ತ ಹತ್ತು ಜನ ಹಿಡೀತಾ ಇದ್ದರು, ಎಲ್ಲರ ಗಾಳವೂ ಮುಳ್ಳಿಲ್ಲದ್ದೇ ಇದ್ದೀತು. ಸಹೋದ್ಯೋಗಿ ಥರ್ಮಾಮೀಟರ್ ಕಿತ್ತುಕೊಂಡು ತಾನೇ ಇನ್ನೊಂದು ಸಲ ಮುಳುಗಿಸಿ ನೋಡಿದ. ಆಮೇಲೆ ಗೊಣಗುತ್ತಾ ಕೋಲು ಕಳಚಿದ. ಕಾರಿನ ಹಿಂದಿನ ಬಾಗಿಲು ಎತ್ತಿ, ನೆರಳು ಮಾಡಿಕೊಂಡು, ನಾನು ತಂದಿದ್ದ ಚಿತ್ರಾನ್ನ ಇಬ್ಬರೂ ತಿಂದೆವು.